ಕಂಬಿಯಿಲ್ಲದ ದಂಡೆ

ಆ ದಿನ ಬೆಳಿಗ್ಗೆ ಮೇಸ್ತ್ರಿ ತಾನೇ ಗಡ್ಡ ಹೆರೆದುಕೊಂಡ. ಕಣ್ಣು ಪೂರ್ತಿ ಹೋದ ಮೇಲೆ ಆ ಕೆಲಸವನ್ನು ಹೆಂಡತಿಗೆ ಬಿಟ್ಟುಬಿಟ್ಟಿದ್ದವನು, ಅಂದು ಅವಳು ಬ್ಲೇಡು ಹಿಡಿದು ಬಂದರೆ ಕೈ ಅಡ್ಡ ಇಟ್ಟ. ಕೆನ್ನೆಯನ್ನು ಸವರಿ ಸವರಿ ನೋಡಿಕೊಳ್ಳುತ್ತ ನಿಧಾನಕ್ಕೆ ಮುಗಿಸಿದ. ಗದ್ದದ ಕೆಳಗೊಂದು ಗಾಯವಾಯಿತು.

"ಗುಡುಗು ನನ್ನ ನೋಡಿದ ಕೂಡ್ಲೇ ಮುದುಕ ಆದೆ ಅಂತ ಆಡ್ಕೋಬಾರ್ದು," ಅಂದ.

ಅವಳು ಗಾಯಕ್ಕೆ ಹತ್ತಿ ಒತ್ತುತ್ತ ಹೂಂ ಅಂದಳು. ಅವರು ಅಂದು ಹೊರಟಿದ್ದ ಕಾಲುವೆ ದಂಡೆಯಲ್ಲಿ ಗುಡುಗು ಅನ್ನುವ ಆ ಗೆಳೆಯ ಇರಲಿಲ್ಲ. ಗಂಡಸರಿಬ್ಬರೂ ಆಯುಷ್ಯವೆಲ್ಲ ದುಡಿದ ಶೆಡ್ಡೂ ಇರಲಿಲ್ಲ. ಇದು ಅವಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ, ಮತ್ತು ಗೊತ್ತಾಗದ ಹಾಗೆ ನೋಡಿಕೊಂಡವಳೂ ಅವಳೇ.

ಮೇಸ್ತ್ರಿ ಅಂದರೆ ದೋಣಿ ಮೇಸ್ತ್ರಿ. ನಗರದ ನಡುವೆ ಹರಿಯುವ ಕಾಲುವೆಯಲ್ಲಿ ಸರಕಿನ ದೋಣಿಗಳು ಒಂದರ ಬಾಲ ಒಂದು ಹಿಡಿದು ಓಡಾಡುತ್ತಿದ್ದ ಕಾಲದಲ್ಲಿ, ದಂಡೆಯ ಮೇಲಿನ ತಗಡಿನ ಶೆಡ್ಡಿನಲ್ಲಿ ಅವನ ಕೆಲಸ. ಕೊಳೆತ ಹಲಗೆ ಬದಲಿಸುವುದು, ಸಂದಿಗೆ ನಾರು ತುರುಕಿ ಡಾಂಬರು ಮೆತ್ತುವುದು. ಜೊತೆಗಾರ ಗುಡುಗು. ಅವನ ದನಿ ಎಂಥದ್ದೆಂದರೆ, ಅವನು ಗುಟ್ಟು ಹೇಳಿದರೆ ಆಚೆ ದಂಡೆಯವರು ಉತ್ತರ ಕೊಡುತ್ತಿದ್ದರಂತೆ. ಸರಕೆಲ್ಲ ಲಾರಿಗಳ ಪಾಲಾಯಿತು, ದೋಣಿಗಳು ಕಡಿಮೆಯಾದವು, ಅದೇ ಹೊತ್ತಿಗೆ ಮೇಸ್ತ್ರಿಯ ನೋಟವೂ ಅಂಚಿನಿಂದ ಕರಗುತ್ತ ಬಂತು. ಕಣ್ಣಿನ ಆಪರೇಷನ್ನೂ ಫಲಿಸದೆ, ಒಂದು ಚಳಿಗಾಲ ಮುಗಿಯುವಷ್ಟರಲ್ಲಿ ಅವನಿಗೆ ಹಗಲು ರಾತ್ರಿಯ ವ್ಯತ್ಯಾಸ ತಿಳಿಯುತ್ತಿದ್ದುದು ಬೀದಿಯ ಸದ್ದಿನಿಂದ ಮಾತ್ರ.

ಆಗ ಅವನು ಮಂಚ ಬಿಟ್ಟೇಳಲಿಲ್ಲ. ಗೋಡೆಗೆ ಮುಖ ಹಾಕಿ ಮಲಗಿದರೆ ಮುಗಿಯಿತು, ತಟ್ಟೆ ತಂದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅವಳು ಅಂಗಡಿಗಳಿಗೆ ಪರದೆ ಹೊಲಿದು ಕೊಡುತ್ತಿದ್ದಳು. ಒಂದು ಸಂಜೆ ಹೊಲಿದ ಪರದೆ ಕೊಟ್ಟು ಬಸ್ಸಿನಲ್ಲಿ ಬರುವಾಗ ಕಿಟಕಿಯಿಂದ ಕಾಲುವೆಯ ಕಡೆ ನೋಡಿದಳು. ಶೆಡ್ಡಿದ್ದ ಜಾಗದಲ್ಲಿ ಇಟ್ಟಿಗೆಯ ರಾಶಿ, ಅದರ ಮೇಲೆ ಹಳದಿ ಯಂತ್ರ. ಮನೆಗೆ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಅವನು ಗೋಡೆಗೆ ಮುಖ ಹಾಕಿಯೇ ಕೇಳಿದ, ಕಾಲುವೆ ಮೇಲೆ ಬಂದೆಯಾ, ಶೆಡ್ಡು ಹೇಗಿದೆ ಅಂತ. ಇದೆ, ಹಾಗೇ ಇದೆ, ಅಂದುಬಿಟ್ಟಳು. ಅವನು ಮಗ್ಗುಲು ಬದಲಿಸಿದ. ಗುಡುಗು ಕಾಣಿಸಿದನಾ ಅಂದ. ಕಾಣಿಸಿದ, ಏನೋ ಬಡೀತಾ ಇದ್ದ, ಅಂದಳು. ಅವತ್ತು ಅವನು ಎದ್ದು ಕೂತು ಊಟ ಮಾಡಿದ.

ಅಲ್ಲಿಂದ ಶುರುವಾಯಿತು. ಪ್ರತಿ ಸಲ ಆ ಕಡೆಯಿಂದ ಬಂದಾಗಲೂ ಅವಳು ಒಂದಿಷ್ಟು ಕಥೆ ಕಟ್ಟಿಕೊಂಡು ಬರುತ್ತಿದ್ದಳು. ಶೆಡ್ಡಿಗೆ ಹೊಸ ತಗಡು ಹೊದಿಸಿದಳು. ಸೂರಿನ ಮೇಲೆ ಬೆಕ್ಕೊಂದನ್ನು ಮಲಗಿಸಿ ಅದಕ್ಕೆ ಮರಿಗಳನ್ನೂ ಕೊಟ್ಟಳು. ಸರಕು ಇಳಿಸುತ್ತಿದ್ದ ಹಳೇ ಗೋದಾಮಿನ ಬಾಗಿಲಿನಿಂದ ಶೆಡ್ಡಿನವರೆಗೂ ದಂಡೆಯುದ್ದಕ್ಕೆ ಒಂದು ಕಬ್ಬಿಣದ ಕಂಬಿಯಿತ್ತು, ಮೇಸ್ತ್ರಿ ದಿನಾ ಅದರ ಮೇಲೆ ಕೈಯಾಡಿಸುತ್ತ ನಡೆಯುತ್ತಿದ್ದವನು. ಕಂಬಿ ಇದೆಯಾ ಅಂತ ಕೇಳಿದಾಗ, ಇದೆ, ಹಸಿರು ಬಣ್ಣ ಬಳಿದಿದ್ದಾರೆ, ಅಂದಿದ್ದಳು. ಆ ಹಸಿರಿನ ಬಗ್ಗೆ ಅವಳಿಗೇ ಒಳಗೊಳಗೆ ಹೆಮ್ಮೆಯಿತ್ತು. ರೇಡಿಯೋದಲ್ಲಿ ಕಾಲುವೆಯ ಹೊಸ ಬಡಾವಣೆಯ ಸುದ್ದಿ ಬಂದರೆ ಸ್ಟೇಷನ್ ತಿರುಗಿಸುವಳು. ಎದುರುಮನೆಯ ನರ್ಸಮ್ಮ ಬಂದರೆ ಬಾಗಿಲಲ್ಲೇ ಕಣ್ಸನ್ನೆ ಮಾಡುವಳು.

ಸುಳ್ಳಿಗೆ ಕುತ್ತು ಬಂದದ್ದು ಮಗಳಿಂದ. ಮಗಳು ಕೃತಕ ಹಲ್ಲು ತಯಾರಿಸುವವಳು, ದಂತವೈದ್ಯರು ಅಚ್ಚು ಕಳಿಸಿದರೆ ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಕೂರಿಸಿ ಕೊಡುವ ಕೆಲಸ. ಸ್ವಂತಕ್ಕೊಂದು ಕೋಣೆ ಬಾಡಿಗೆಗೆ ಹಿಡಿದಳು. ಹಿಡಿದದ್ದು ಎಲ್ಲಿ ಅಂದರೆ, ಕಾಲುವೆ ದಂಡೆಯ ಅದೇ ಹಳೇ ಗೋದಾಮಿನಲ್ಲಿ. ಗೋದಾಮಿನ ಹೊರಗೋಡೆ ಉಳಿಸಿಕೊಂಡು ಒಳಗೆಲ್ಲ ಗಾಜು ಹಾಕಿ ಕೋಣೆಗಳಾಗಿ ಸೀಳಿದ್ದರು. ಅಪ್ಪ ಬಂದು ಕೈಯಾಡಿಸಿ ನೋಡಲೇಬೇಕು ಅಂತ ಅವಳ ಹಟ. ಮೇಸ್ತ್ರಿಗೆ ಹಿಡಿಸಲಾರದ ಸಂತೋಷ. ನಾನು ದೋಣಿಯ ತೂತು ಮುಚ್ಚಿದೆ, ಇವಳು ಬಾಯಿಯ ತೂತು ಮುಚ್ಚುತ್ತಾಳೆ, ಮನೆತನದ ಕಸುಬು ಕೈಬಿಟ್ಟಿಲ್ಲ ಅಂತ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಹೆಂಡತಿ ಮಗಳಿಗೆ ಫೋನು ಮಾಡಿ ಎಲ್ಲ ಹೇಳಿ, ಒಂದು ದಿನದ ಮಟ್ಟಿಗೆ ಬಾಯಿ ಬಿಡಬೇಡ ಅಂತ ಗೋಗರೆದಳು.

"ಅಮ್ಮ, ಅಪ್ಪಂಗೆ ಹೋಗಿರೋದು ಕಣ್ಣು. ಬುದ್ಧಿ ಅಲ್ಲ," ಅಂದಳು ಮಗಳು.

ಆ ದಿನ ಇಬ್ಬರೂ ಕಾಲುವೆಯ ಹತ್ತಿರ ಬಸ್ಸಿಳಿದರು. ಸ್ಟಾಪನ್ನೇ ಬೇರೆ ಕಡೆ ಹಾಕಿದ್ದರು. ಮೇಸ್ತ್ರಿ ಇಳಿದವನೇ ಎಡಕ್ಕೆ ತಿರುಗಿದ, ಅವಳು ತೋಳು ಹಿಡಿದು ಬಲಕ್ಕೆಳೆದಳು. ರಸ್ತೆ ಅಗೆದಿದ್ದಾರೆ, ಬಸ್ಸು ಮುಂದೆ ನಿಲ್ಲಿಸಿದ, ಅಂದಳು. ಅವನು ನಂಬಿದ. ಆದರೆ ಅವನ ಕೋಲು ನಂಬುತ್ತಿರಲಿಲ್ಲ. ಉಬ್ಬುತಗ್ಗಿನ ಹಳೇ ಕಲ್ಲಿನ ಬದಲು ನುಣ್ಣನೆಯ ಚಪ್ಪಡಿ ಸಿಕ್ಕಿ ಅದು ಸರ್ರನೆ ಜಾರುತ್ತಿತ್ತು.

"ನೆಲ ಹೊಸದು ಹಾಕಿದಾರಾ?"

"ಸ್ವಲ್ಪ ರಿಪೇರಿ ಮಾಡಿದಾರೆ ಅಷ್ಟೇ."

"ಡಾಂಬರು ವಾಸನೆ ಇಲ್ವಲ್ಲ."

"ಗಾಳಿ ಆ ಕಡೆ ಇದೆ."

ಅವನು ನಿಂತು ಮುಖವೆತ್ತಿ ಗಾಳಿ ನೋಡಿದ. ಗಾಳಿ ನೇರವಾಗಿ ಕಾಲುವೆಯಿಂದಲೇ ಬಂದು ಅವನ ಮುಖಕ್ಕೆ ಬಡಿಯುತ್ತಿತ್ತು. ಅವನು ಕೋಲೂರಿ ಮುಂದೆ ನಡೆದ.

ಸುತ್ತ ನೋಡಿದರೆ ಅವಳಿಗೇ ತಾನೆಲ್ಲಿದ್ದೇನೆ ಅನ್ನುವುದು ತಿಳಿಯುತ್ತಿರಲಿಲ್ಲ. ನೀರು ಮಾತ್ರ ಹಳೆಯದು. ಅದರ ಎರಡೂ ಬದಿಗೆ ಬೂದು ಬಣ್ಣದ ಕಟ್ಟಡಗಳು, ಕುಂಡಗಳಲ್ಲಿ ಒಂದೇ ಎತ್ತರಕ್ಕೆ ಕತ್ತರಿಸಿದ ಗಿಡಗಳು, ಕಾಫಿ ಅಂಗಡಿಯ ಹೊರಗೆ ಕುರ್ಚಿಗಳು. ಜನ ನಾಯಿ ಹಿಡಿದು ಅಡ್ಡಾಡುತ್ತಿದ್ದರು. ಕಂಬಿಯಿದ್ದ ಕಡೆ ಈಗ ಕಂಬಿಯೇ ಇಲ್ಲ. ದಂಡೆಯನ್ನು ಒಡೆದು, ಕೂತು ಕಾಲು ಚಾಚಲು ಅಂತ ಅಗಲವಾದ ಕಲ್ಲಿನ ಮೆಟ್ಟಿಲುಗಳನ್ನು ನೀರಿನೊಳಗೇ ಇಳಿಸಿದ್ದರು. ಕೆಳಗಿನ ಮೆಟ್ಟಿಲುಗಳ ಮೇಲೆ ಪಾಚಿ ಮಿರುಗುತ್ತಿತ್ತು. ಅವಳು ಅವನನ್ನು ಗೋಡೆಯ ಕಡೆಗೆ ಹಾಕಿಕೊಂಡು, ತಾನು ನೀರಿನ ಕಡೆ ನಡೆದಳು.

ಮಗಳ ಕೋಣೆಯಲ್ಲಿ ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿಯೇ ನಡೆಯಿತು. ಮೇಸ್ತ್ರಿ ಪುಟ್ಟ ಅರಗಳನ್ನು, ಮೇಣದ ಬಟ್ಟಲನ್ನು, ಪಾಲಿಶ್ ಮಾಡುವ ಚಕ್ರವನ್ನು ಮುಟ್ಟಿ ನೋಡಿದ. ಸಿದ್ಧವಾಗಿದ್ದ ಒಂದು ಹಲ್ಲಿನ ಸೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಿನಿಂದ ಸಂದಿಗಳನ್ನೆಲ್ಲ ತಡವಿದ. ನೀರು ಒಳಗೆ ಬರಲ್ಲ ಬಿಡು, ಅಂದ. ಮಗಳು ನಕ್ಕಳು, ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ಅವನು ಹೊರಗೆ ಬಿಸಿಲಿಗೆ ಕೂರುತ್ತೇನೆ ಅಂದ. ಬಾಗಿಲ ಪಕ್ಕದ ಬೆಂಚಿನ ಮೇಲೆ ಅವನನ್ನು ಕೂರಿಸಿ, ಕೋಲನ್ನು ಮಂಡಿಗಳ ನಡುವೆ ಇಟ್ಟು, ಈಗ ಬಂದೆ ಅಂತ ಹೇಳಿ ಹೆಂಡತಿ ಒಳಗೆ ಬಂದಳು.

ಒಳಗೆ ತಾಯಿ ಮಗಳಿಗೆ ಪಿಸುಮಾತಿನಲ್ಲೇ ಜಗಳ ಹತ್ತಿತು. ಇವತ್ತು ಹೇಳಲೇಬೇಕು ಅನ್ನುವುದು ಮಗಳ ವಾದ. ಅವರು ಮತ್ತೆ ಗೋಡೆಗೆ ಮುಖ ಹಾಕಿದರೆ ನೋಡಿಕೊಳ್ಳುವವರು ಯಾರು ಅನ್ನುವುದು ತಾಯಿಯದು. ಗುಡುಗು ಮಾವನನ್ನು ಎಲ್ಲಿಂದ ತರುತ್ತೀಯ ಅಂತ ಮಗಳು ಕೇಳಿದಳು. ಗುಡುಗು ಊರು ಬಿಟ್ಟು ತನ್ನ ತಮ್ಮನ ಮನೆ ಸೇರಿ ಬಹಳ ಕಾಲವಾಗಿತ್ತು. ಇವತ್ತು ರಜಾ ಹಾಕಿದ್ದಾನೆ ಅಂತ ಹೇಳಿದರಾಯಿತು ಅಂದಳು ತಾಯಿ. ಹೇಳುತ್ತಿರುವಾಗಲೇ ಹೊರಗಿನಿಂದ ಟಕ್ ಟಕ್ ಅಂತ ಸುತ್ತಿಗೆಯ ಸದ್ದು ಬರುತ್ತಿರುವುದು ಅವಳ ಕಿವಿಗೆ ಬಿತ್ತು. ಯಾರೋ ಮರಕ್ಕೆ ಮೊಳೆ ಹೊಡೆಯುತ್ತಿದ್ದರು. ಅದು ಎಷ್ಟು ಹೊತ್ತಿನಿಂದ ಕೇಳುತ್ತಿದೆ ಅಂತ ಯೋಚಿಸಿದಳು, ಅಷ್ಟೇ, ಬಾಗಿಲಿಗೆ ಓಡಿದಳು.

ಬೆಂಚಿನ ಮೇಲೆ ಯಾರೂ ಇರಲಿಲ್ಲ.

ಎಡಕ್ಕೆ ನೋಡಿದಳು, ಕಾಫಿ ಅಂಗಡಿಯ ಕುರ್ಚಿಗಳು, ಬೇರೆ ಬೇರೆ ತಲೆಗಳು. ಬಲಕ್ಕೆ ನೋಡಿದಳು, ಗಾಜಿನಲ್ಲಿ ತನ್ನದೇ ಪ್ರತಿಬಿಂಬ. ಅಪ್ಪ ಎಲ್ಲಿ ಅಂತ ಹಿಂದಿನಿಂದ ಮಗಳು ಕೇಳುತ್ತಿದ್ದಳು. ಕಾಲುವೆಯುದ್ದಕ್ಕೆ ಕಣ್ಣು ಹಾಯಿಸಿದಾಗ ಕಂಡ. ಬಹಳ ದೂರವೇನೂ ಹೋಗಿರಲಿಲ್ಲ. ಬೆನ್ನು ನೆಟ್ಟಗೆ, ಕೋಲು ಬಲಗೈಯಲ್ಲಿ ಸುಮ್ಮನೆ ಹಿಡಿದುಕೊಂಡು, ತನ್ನ ಹಳೇ ದಾರಿಯಲ್ಲಿ ಹಳೇ ನಡಿಗೆಯಲ್ಲೇ ಹೋಗುತ್ತಿದ್ದ. ಮುಂದೆ ಸ್ವಲ್ಪ ದೂರದಲ್ಲಿ ಬಡಗಿಗಳು ನೀರಿನ ಮೇಲಕ್ಕೆ ಚಾಚಿದ ಹಲಗೆಯ ಅಟ್ಟವೊಂದನ್ನು ಕಟ್ಟುತ್ತಿದ್ದರು. ಸುತ್ತಿಗೆ ಅವರದು. ಮೇಸ್ತ್ರಿ ಅದರ ಕಡೆಗೇ ಹೊರಟಿದ್ದ. ಅವನ ಎಡಗೈ ಮುಂದೆ ಚಾಚಿ, ಗಾಳಿಯಲ್ಲಿ ಕಂಬಿಯನ್ನು ಹುಡುಕುತ್ತಿತ್ತು.

ಕಂಬಿ ಸಿಗಲಿಲ್ಲವೆಂದು ಅವನು ಇನ್ನಷ್ಟು ಎಡಕ್ಕೆ, ನೀರಿನ ಕಡೆಗೆ ಸರಿದ.

"ರೀ, ನಿಲ್ರೀ!" ಅವಳು ಕೂಗಿದಳು. "ಅಲ್ಲಿ ಕಂಬಿ ಇಲ್ಲ!"

ಅವನು ನಿಂತ. ತಲೆಯನ್ನು ಅರ್ಧ ಅವಳ ಕಡೆ ಹೊರಳಿಸಿದ. ಕೇಳಿಸಿದೆ ಅಂತ ಅವಳಿಗೆ ಖಾತ್ರಿಯಾಯಿತು, ಓಡುತ್ತಿದ್ದ ಕಾಲು ಒಂದು ಕ್ಷಣ ನಿಧಾನವೂ ಆಯಿತು. ಆಮೇಲೆ ಅವನು ಎಡಗೈಯನ್ನು ಮತ್ತೆ ಚಾಚಿ, ಪೂರ್ತಿ ಭರವಸೆಯಿಂದ ಇನ್ನೊಂದು ಹೆಜ್ಜೆ ಇಟ್ಟ.

ಮೊದಲ ಮೆಟ್ಟಿಲಿಗೆ ಎಡವಿದ, ಎರಡನೆಯದರ ಮೇಲೆ ಕುಸಿದು ಕೂತ, ಪಾಚಿಯ ಮೇಲೆ ಕೂತ ಹಾಗೆಯೇ ಜಾರಿ ನೀರಿಗೆ ಹೋದ. ದೊಡ್ಡ ಸದ್ದೇನೂ ಆಗಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಒಂದಿಬ್ಬರು ಎದ್ದು ನಿಂತರು. ಕೋಲು ತೇಲುತ್ತಿತ್ತು.

ಅವಳು ಅಲ್ಲಿಗೆ ತಲುಪುವಷ್ಟರಲ್ಲಿ ಅವನ ತಲೆ ಮೇಲೆ ಬಂದಿತ್ತು. ಮೇಸ್ತ್ರಿಗೆ ಈಜು ಬರುತ್ತಿತ್ತು, ಕಾಲುವೆಯ ನೀರೇನು ಅವನಿಗೆ ಹೊಸದಲ್ಲ. ಆದರೆ ಕೋಟು ನೀರು ಕುಡಿದು ಅವನನ್ನು ಕೆಳಕ್ಕೆ ಜಗ್ಗುತ್ತಿತ್ತು, ಉಸಿರು ಕಟ್ಟಿ ಕೆಮ್ಮುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ದಂಡೆ ಯಾವ ಕಡೆ ಅಂತ ಅವನು ತನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟಿದ್ದ. ಹಳೇ ದಂಡೆಯ ಗೋಡೆಗೆ ದೋಣಿ ಕಟ್ಟುವ ಕಬ್ಬಿಣದ ಬಳೆಗಳಿದ್ದವು, ಅದರ ಪಕ್ಕ ಏಣಿ. ಅವನು ಆ ಕಡೆಗೆ ಕೈ ಬೀಸುತ್ತಿದ್ದ. ಈಗ ಅಲ್ಲಿದ್ದದ್ದು ನೀರಿನಿಂದ ನೆಟ್ಟಗೆ ಮೇಲೆದ್ದ ನುಣ್ಣನೆಯ ಕಾಂಕ್ರೀಟು. ಬೆರಳೂರಲು ಒಂದು ಸೀಳೂ ಇರಲಿಲ್ಲ.

ಈ ಕಡೆ, ಈ ಕಡೆ, ಅಂತ ಅವಳು ಕೂಗಿದಳು. ಮೆಟ್ಟಿಲ ಮೇಲಿನವರೂ ಕೂಗಿದರು. ಅವನು ಯಾರ ಕಡೆಗೂ ತಿರುಗಲಿಲ್ಲ. ಗೋಡೆ ಸಿಕ್ಕಿತು, ಅದರ ಮೇಲೆ ಅಂಗೈ ಸವರಿಕೊಂಡು ಬಳೆ ಹುಡುಕತೊಡಗಿದ, ಸಿಗದೆ ಇನ್ನೂ ಮುಂದಕ್ಕೆ, ಆಳದ ಕಡೆಗೆ ಹೋದ. ಒಮ್ಮೆ ತಲೆ ಮುಳುಗಿ ಎದ್ದಿತು.

ಅವಳಿಗೆ ಈಜು ಬಾರದು. ಚಪ್ಪಲಿಯ ಸಮೇತ ಮೆಟ್ಟಿಲಿಳಿದು, ನೀರು ಸೊಂಟಕ್ಕೆ ಬರುವವರೆಗೂ ಹೋಗಿ ನಿಂತಳು. ಚಳಿಗೆ ಬಾಯಿಂದ ಮಾತು ಹೊರಡಲಿಲ್ಲ. ಹೊರಟಾಗ ಅದು ಕೂಗಾಗಿ ಬರಲಿಲ್ಲ, ಮನೆಯಲ್ಲಿ ಮಂಚದ ಪಕ್ಕ ಕೂತು ಹೇಳುವ ದನಿಯಲ್ಲೇ, ಆದರೆ ಗಟ್ಟಿಯಾಗಿ, ಒಂದೊಂದೇ ಮಾತಾಗಿ ಬಂತು.

"ಅಲ್ಲಿ ಬಳೆ ಇಲ್ಲ. ಏಣಿ ಇಲ್ಲ. ಶೆಡ್ಡೂ ಇಲ್ಲ, ಎಲ್ಲ ಕೆಡವಿ ಹಾಕಿದಾರೆ. ಗುಡುಗು ಇಲ್ಲ. ನಾನು ಸುಳ್ಳು ಹೇಳ್ತಾ ಇದ್ದೆ, ಇಷ್ಟು ದಿನವೂ. ಈಗ ಹೇಳ್ತಿರೋದು ನಿಜ. ನನ್ನ ಹತ್ರ ಮೆಟ್ಟಿಲಿದೆ. ನಾನು ನೀರಲ್ಲೇ ನಿಂತಿದೀನಿ. ನನ್ನ ದನಿ ಕಡೆ ತಿರುಗಿ."

ಅವನ ಕೈ ಗೋಡೆಯ ಮೇಲೆ ನಿಂತಿತು. ಮುಖ ಅತ್ತ ಕಡೆಗೇ ಇತ್ತು. ಸುತ್ತಿಗೆಯ ಸದ್ದು ಯಾವಾಗಲೋ ನಿಂತುಹೋಗಿತ್ತು. ಅವಳಿಗೆ ಕೇಳುತ್ತಿದ್ದದ್ದು ಅವನ ಏದುಸಿರು ಮಾತ್ರ. ನಂಬಲಾರ, ಯಾಕೆ ನಂಬಬೇಕು, ಅನ್ನುವುದು ಅವಳ ಮನಸ್ಸಿನಲ್ಲಿ ಹಾದುಹೋಯಿತು. ಮತ್ತೆ ಹೇಳಿದಳು, ಬಲಗಡೆ ತಿರುಗಿ, ನಾನು ಇಲ್ಲಿದೀನಿ. ಅವನು ಗೋಡೆ ಬಿಟ್ಟ. ತಿರುಗಿದ. ನೀರನ್ನು ದಡಬಡ ಬಡಿಯುತ್ತ ಅವಳ ಕಡೆಗೆ ಬಂದ. ಅರ್ಧ ದಾರಿಯಲ್ಲಿ ಕೈ ಸೋತಾಗ, ಅಟ್ಟದಿಂದ ಹಾರಿದ್ದ ಬಡಗಿಯೊಬ್ಬ ಅವನ ಕೊರಳಪಟ್ಟಿ ಹಿಡಿದ, ಇನ್ನೊಬ್ಬ ಅವಳ ತೋಳು ಹಿಡಿದ. ಎಲ್ಲರೂ ಸೇರಿ ಇಬ್ಬರನ್ನೂ ಮೇಲಕ್ಕೆಳೆದು ಹಾಕಿದರು.

ಕಾಫಿ ಅಂಗಡಿಯವರು ಟವೆಲ್ಲು ತಂದರು, ತಮ್ಮ ಹುಡುಗರು ಹಾಕುವ ಅಂಗಿಯೊಂದನ್ನು ಕೊಟ್ಟರು. ಮಗಳು ತನ್ನ ಕೋಣೆಯ ಹೀಟರಿನ ಮುಂದೆ ಅಪ್ಪನನ್ನು ಕೂರಿಸಿ ಅಂಗಿ ಬದಲಿಸಿದಳು. ಮೊಣಕೈ ತರಚಿತ್ತು, ಮಂಡಿ ಊದಿಕೊಂಡಿತ್ತು, ಬೇರೇನೂ ಆಗಿರಲಿಲ್ಲ. ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ ಮೇಸ್ತ್ರಿಯ ಹತ್ತಿರ ಹೆಂಡತಿ ಹೋಗಿ ಭುಜದ ಮೇಲೆ ಕೈಯಿಟ್ಟಳು. ಅವನು ಭುಜವನ್ನು ಸರಿಸಿಕೊಂಡ.

"ನೀನು ಕೂಗಿದ್ದು ಕೇಳಿಸ್ತು," ಅಂದ. "ಇದೆ ಅಂದವಳೂ ನೀನೇ, ಇಲ್ಲ ಅನ್ನೋಳೂ ನೀನೇ. ಯಾವುದನ್ನ ನಂಬೋದು ಅಂತ ಯೋಚ್ನೆ ಮಾಡ್ದೆ. ಹಳೇದನ್ನ ನಂಬ್ದೆ."

ಅವಳು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಬಾಗಿಲಲ್ಲಿ ಬಡಾವಣೆಯ ಕಾವಲುಗಾರ ನಿಂತಿದ್ದ, ಏನಾಯಿತು ಅಂತ ವಿಚಾರಿಸಲು ಬಂದವನು. ಮೇಸ್ತ್ರಿ ಅವನನ್ನು ಕರೆದು ಪಕ್ಕ ಕೂರಿಸಿಕೊಂಡ. ಇಲ್ಲಿ ಏನೇನಿದೆ ಅಂತ ಒಂದು ಕಡೆಯಿಂದ ಹೇಳಿ ಅಂದ. ಹೆಂಡತಿಯೂ ಮಗಳೂ ಎದುರಿಗೇ ಇದ್ದರು, ಕೇಳಿದ್ದು ಕಾವಲುಗಾರನನ್ನು. ಅವಳಿಗೆ ನೀರಿನ ಚಳಿಗಿಂತ ಅದು ಹೆಚ್ಚು ಒಳಗೆ ಹೋಯಿತು. ಕಾವಲುಗಾರ ಗೊಣಗುದನಿಯ ಮನುಷ್ಯ, ಯಾವುದಕ್ಕೂ ಬಣ್ಣ ಹಚ್ಚುವವನಲ್ಲ. ಗಾಜಿನ ಕಟ್ಟಡ, ಕಾಫಿ ಅಂಗಡಿ, ಮೆಟ್ಟಿಲು, ಮತ್ತೆ ಗಾಜಿನ ಕಟ್ಟಡ, ಅಂತ ಹೇಳುತ್ತ ಹೋದ. ಮೇಸ್ತ್ರಿ ತಲೆ ತಗ್ಗಿಸಿ ಕೇಳಿಸಿಕೊಂಡ. ಆಚೆ ಕೊನೆಗೆ, ಕಾಲುವೆ ತಿರುಗುವ ಕಡೆ ಒಂದು ತಗಡಿನ ಶೆಡ್ಡಿತ್ತಲ್ಲ, ಅಲ್ಲೇನಿದೆ ಅಂತ ಕೇಳಿದ.

"ನಾಯಿಗೆ ಸ್ನಾನ ಮಾಡ್ಸೋ ಅಂಗಡಿ."

"ನಾಯಿಗೆ?"

"ಹೂಂ. ಕೂದ್ಲೂ ಕತ್ತರಿಸ್ತಾರೆ."

ಮಗಳು ತಾಯಿಯ ಮುಖ ನೋಡಿದಳು, ತಾಯಿ ನೆಲ ನೋಡಿದಳು. ಕಾವಲುಗಾರ ಹೊರಟು ನಿಂತಾಗ ಮೇಸ್ತ್ರಿ ಅವನ ಕೈ ಹಿಡಿದು ಉಪಕಾರವಾಯಿತು ಅಂದ. ಆಮೇಲೆ ಹೆಂಡತಿಯಿದ್ದ ದಿಕ್ಕಿಗೆ ಕೇಳಿದ, ಗುಡುಗು ಬದುಕಿದ್ದಾನಾ, ಅದಾದರೂ ಹೇಳು ಅಂತ. ಬದುಕಿದ್ದಾನೆ, ತಮ್ಮನ ಊರಿನಲ್ಲಿದ್ದಾನೆ, ನಿಮಗೆ ಕಣ್ಣಿನ ಆಪರೇಷನ್ ಆದಾಗ ಹೇಳಿ ಹೋಗಲು ಬಂದಿದ್ದ, ನಿಮಗೆ ಎಚ್ಚರವಿರಲಿಲ್ಲ, ಅಂದಳು.

"ಊರಲ್ಲೇ ಇಲ್ದೋನ ಕೈಲಿ ಇಷ್ಟು ದಿನ ಸುತ್ತಿಗೆ ಹೊಡೆಸಿದೀಯಲ್ಲ," ಅಂದ. ದನಿಯಲ್ಲಿ ಸಿಟ್ಟಿತ್ತು. "ಅವನು ಬರ್ಲಿಲ್ಲ ಅಂತ ನಾನು ಎಷ್ಟು ಬೈಕೊಂಡಿದೀನಿ ಗೊತ್ತಾ? ಕಣ್ಣು ಹೋದೋನ ಮನೆಗೆ ಯಾಕೆ ಬರ್ತಾನೆ ಅಂದ್ಕೊಂಡಿದ್ದೆ."

ಇದು ಅವಳಿಗೆ ಹೊಳೆದೇ ಇರಲಿಲ್ಲ. ಸ್ನೇಹಿತನನ್ನು ಉಳಿಸಿ ಕೊಟ್ಟೆ ಅಂದುಕೊಂಡವಳು, ಹತ್ತಿರದಲ್ಲೇ ಇದ್ದೂ ತಿರುಗಿ ನೋಡದವನನ್ನಾಗಿ ಮಾಡಿದ್ದಳು. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಯಾರೂ ಸಮಾಧಾನ ಮಾಡಲಿಲ್ಲ.

ಬಸ್ ಸ್ಟಾಪಿನವರೆಗೆ ಮೇಸ್ತ್ರಿ ಮಗಳ ತೋಳು ಹಿಡಿದು ನಡೆದ. ಹೆಂಡತಿ ಅವನ ಒದ್ದೆ ಕೋಟಿನ ಚೀಲ ಹಿಡಿದು ಹಿಂದೆ ಹಿಂದೆ ಬಂದಳು. ಬಸ್ಸಿನಲ್ಲಿ ಮಗಳು ಅಪ್ಪನನ್ನು ಕಿಟಕಿಯ ಪಕ್ಕ ಕೂರಿಸಿ ಇಳಿದುಹೋದಳು. ಅವಳು ಅವನ ಪಕ್ಕದ ಸೀಟಿನಲ್ಲಿ, ನಡುವೆ ಚೀಲವಿಟ್ಟುಕೊಂಡು, ಅಂಚಿಗೆ ಕೂತಳು. ಬಸ್ಸು ಹೊರಟು ಸೇತುವೆ ದಾಟಿತು.

"ಈ ಅಂಗಿ ಯಾವ ಬಣ್ಣ?" ಅವನು ಇದ್ದಕ್ಕಿದ್ದಂತೆ ಕೇಳಿದ.

ಬಿಳಿ ಅನ್ನುವ ಮಾತು ನಾಲಗೆಯ ತುದಿಗೆ ಬಂದೇ ಬಂದಿತ್ತು.

"ಗುಲಾಬಿ. ಎದೆ ಮೇಲೆ ಒಂದು ಲೋಟದ ಚಿತ್ರ ಇದೆ. ಲೋಟ ಹಲ್ಲು ಬಿಟ್ಟು ನಗ್ತಾ ಇದೆ."

"ಜನ ನೋಡ್ತಾ ಇದಾರಾ?"

ಅವಳು ತಲೆಯೆತ್ತಿ ಬಸ್ಸಿನ ಸುತ್ತ ನೋಡಿದಳು. "ನೋಡ್ತಾ ಇದಾರೆ. ಮುಂದಿನ ಸೀಟಿನ ಹೆಂಗಸು ನಗು ತಡ್ಕೋತಾ ಇದಾಳೆ."

ಅವನು ಅಂಗಿಯ ಎದೆಯ ಮೇಲೆ ಕೈಯಾಡಿಸಿಕೊಂಡ. ನಗಲಿಲ್ಲ. ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ ಕೂತ. ಒಂದು ಸ್ಟಾಪು ದಾಟಿದ ಮೇಲೆ ಅವನು, ಅತ್ತಲೇ ಮುಖವಿಟ್ಟುಕೊಂಡು, ಹೊರಗೇನಿದೆ ಅಂತ ಕೇಳಿದ. ಚೆನ್ನಾಗಿರೋದೇ ಬೇಕಾಗಿಲ್ಲ, ಅಂತಲೂ ಸೇರಿಸಿದ.

ಅವಳು ಅವನ ಭುಜದಾಚೆ ಬಗ್ಗಿ ಕಿಟಕಿಯಿಂದ ನೋಡಿದಳು. ಒಂದು ಪಾಚಿಗಟ್ಟಿದ ಗೋಡೆ, ಅಂದಳು. ಅದರ ಮೇಲೆ ಹರಿದ ಪೋಸ್ಟರು. ಮುಚ್ಚಿದ ಅಂಗಡಿ. ಛತ್ರಿ ರಿಪೇರಿ ಮಾಡುವವನೊಬ್ಬ ಕೂತಿದ್ದಾನೆ, ಗಿರಾಕಿ ಇಲ್ಲ.

"ಮುಂದೆ?" ಅಂದ.